ಗಂಟೆಯನ್ನು ಯಾವ ಸಾಲಿಗೆ ಬರೆಯಬೇಕು?

ಒಂದು ಸಣ್ಣ ಪ್ರೋಗ್ರಾಂ ಬರೆದವನಿಗೆ ಬರುವ ಗತ್ತು, ಅಣೆಕಟ್ಟು ಕಟ್ಟಿದವನಿಗೂ ಬರಲಾರದು. ಆಂಧ್ರದ ಆದೋನಿಯಲ್ಲಿ ಗುಮಾಸ್ತನಾದ ನಾನು ಬಿಡುವಿನಲ್ಲಿ ಒಂದು ಪಂಚಾಂಗದ ಪ್ರೋಗ್ರಾಂ ಬರೆದೆ. ಹಿರಿಯರ ತಿಥಿ ಯಾವತ್ತು ಎಂದು ಅದು ಲೆಕ್ಕ ಹಾಕುತ್ತದೆ. ಜೊತೆಗೆ 'ಗಂಟೆ' ಎಂಬ ಇನ್ನೊಂದು ಪ್ಯಾಕೇಜ್, ಅಂದರೆ ಬೇರೆಯಾಗಿ ಹಾಕಿಕೊಳ್ಳುವ ಪುಟ್ಟ ಪ್ರೋಗ್ರಾಂ. ಅದು ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ಓಡುತ್ತ, ಮೂರು ದಿನ ಮೊದಲೇ ಗಂಟೆ ಬಾರಿಸುತ್ತದೆ.

"ಇನ್ನು ತಿಥಿಗಳನ್ನ ನೀ ನೆನಪಿಡೋದು ಬ್ಯಾಡ," ಎಂದು ಹೆಂಡತಿ ಸುಧಾಳಿಗೆ ಘೋಷಿಸಿದೆ.

"ಆಗ್ಲಿ ಬಿಡ್ರಿ, ನನಗೂ ಒಂದು ಕೆಲಸ ತಪ್ತು," ಎಂದಳು.

ಒಂದು ಪ್ಯಾಕೇಜಿಗೆ ಇನ್ನೊಂದರ ನೆರವು ಬೇಕಿದ್ದರೆ ಅದನ್ನು ಬರೆದು ತಿಳಿಸಬೇಕು. ಅದಕ್ಕೆ ಮೂರು ಸಾಲುಗಳಿವೆ. 'ಬೇಕೇ ಬೇಕು' ಎಂದರೆ ಅದಿಲ್ಲದೆ ಇದು ಕಂಪ್ಯೂಟರಿನಲ್ಲಿ ಕೂರುವುದೇ ಇಲ್ಲ. 'ಇದ್ದರೆ ಒಳ್ಳೆಯದು' ಎಂದರೆ ತಾನಾಗಿಯೇ ಬರುತ್ತದೆ, ಒಲ್ಲದವರು ತೆಗೆಯಬಹುದು. 'ಬೇಕಾದರೆ' ಎಂದರೆ ಕೇಳಿದವರಿಗೆ ಮಾತ್ರ. ನಾನು ಗಂಟೆಯನ್ನು ಎದೆ ಉಬ್ಬಿಸಿ ಮೊದಲನೆಯ ಸಾಲಿಗೆ ಬರೆದೆ.

ಮೊದಲ ಪೆಟ್ಟು ಮಾಧವರಂನಿಂದ ಬಂತು. ಅಲ್ಲಿ ಪುರೋಹಿತರಾಗಿರುವ ಸುಧಾಳ ಅಣ್ಣ ಗುರುರಾಜಾಚಾರ್ಯರ ಹಳೆಯ ಕಂಪ್ಯೂಟರಿನಲ್ಲಿ ಗಂಟೆ ಕೂರಲಿಲ್ಲ. ಆದ್ದರಿಂದ ಪಂಚಾಂಗವೂ ಕೂರಲಿಲ್ಲ.

"ಏನ್ರಿ ಭಾವ," ಎಂದರು ಫೋನಿನಲ್ಲಿ, "ನಾಳೆ ಏಕಾದಶಿ ಐತೋ ಇಲ್ಲೋ, ಅಷ್ಟ ನನಗ ಬೇಕಾಗಿತ್ತು. ಗಂಟಿ ಯಾರು ಕೇಳಿದ್ರು? ಊಟಕ್ಕ ಬಂದವಗ ವಾಲಗದವರನ್ನೂ ಕರ್ಕೊಂಡು ಬಾ, ಇಲ್ಲಂದ್ರ ಎಲಿ ಹಾಕಂಗಿಲ್ಲ ಅಂದಂಗಾತು."

ಮಾತು ನ್ಯಾಯವಾಗಿತ್ತು. ಅದಕ್ಕೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಗಂಟೆಯನ್ನು ಎತ್ತಿ ಕಟ್ಟಕಡೆಯ 'ಬೇಕಾದರೆ' ಸಾಲಿಗೆ ಒಗೆದೆ. ನಡುವೆ ಒಂದು ಸಾಲಿರುವುದು ಕಣ್ಣಿಗೇ ಬೀಳಲಿಲ್ಲ.

ಮುಂದೆ ಹೊಸ ಕಂಪ್ಯೂಟರ್ ತಂದು ನನ್ನದೇ ಪ್ರೋಗ್ರಾಂ ಹಾಕಿದೆ. ಪಂಚಾಂಗ ಬಂತು. ಗಂಟೆಯನ್ನು ಯಾರೂ ಕೇಳಲಿಲ್ಲ, ಅದು ಬರಲಿಲ್ಲ. ಬಂದಿಲ್ಲ ಎಂದು ತಿಳಿಸುವ ಒಂದು ಮಾತನ್ನೂ ಈ ಮಹಾಶಯ ಬರೆದಿರಲಿಲ್ಲ!

ಒಂದು ಸಂಜೆ ಸುಧಾ ಅಡುಗೆಯನ್ನೇ ಮಾಡದೆ ಹಾಲು, ಬಾಳೆಹಣ್ಣು ಕೊಟ್ಟಳು. ನಾನು ಯಾಕೆಂದು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮಡಿಯಲ್ಲಿ ಅಡುಗೆಗೆ ನಿಂತಿದ್ದಾಗ, ಹಸಿವು ತಾಳದೆ ಮೆಲ್ಲಗೆ ಹೋಟೆಲಿಗೆ ಜಾರಿದೆ. ಈರುಳ್ಳಿ ಹಾಕಿದ ಮಂಡಕ್ಕಿ ಉಗ್ಗಾನಿ, ಮೇಲೆರಡು ಮೆಣಸಿನಕಾಯಿ ಬಜ್ಜಿ. ಉಗ್ಗಾನಿ ಮುಟ್ಟುವ ಮೊದಲೇ ಎತ್ತಿದ ಬಜ್ಜಿ ಬಾಯಿಗೆ ಒಂದಂಗುಲ ದೂರವಿದ್ದಾಗ ಫೋನ್ ಬಂತು. ಆಚಾರ್ಯರು!

"ಎಲ್ಲಿ ಅದೀರಿ ಭಾವ? ಇಬ್ಬರು ಬ್ರಾಹ್ಮಣರನ್ನ ಕರ್ಕೊಂಡು ಬಂದು ನಿಮ್ಮ ಮನ್ಯಾಗ ಕುಂತೀನಿ."

"ಏನು ವಿಶೇಷ ಆಚಾರ್ರೇ?"

ಆಚಾರ್ಯರ ದನಿ ಏರಿತು.

"ಇವತ್ತು ನಿಮ್ಮ ಅವ್ವಾರ ತಿಥಿ ಐತ್ರಿ. ಏನರ ತಿಂದೀರೇನು?"

ನಾನು ಒಬ್ಬನೇ ಮಗ. ಒಂದು ಚೂರು ಕಚ್ಚಿದ್ದರೂ ಅಮ್ಮನ ತಿಥಿ ನನ್ನ ಕೈಯಿಂದ ನಡೆಯುವಂತಿರಲಿಲ್ಲ. ಬಜ್ಜಿಯನ್ನು ಹಾವು ಹಿಡಿದವನಂತೆ ತಟ್ಟೆಗೆ ಬಿಟ್ಟು ಎದ್ದೆ. "ಬಜ್ಜಿ ಚಲ್ಲಾರಿಪೋತುಂದಿ ಸಾರ್," ಎಂದು ಹೋಟೆಲಿನವನು ಕೂಗಿದ. ಅವನಿಗೆ ಬಜ್ಜಿ ಆರುವ ಚಿಂತೆ.

ಸ್ನಾನ ಮಾಡಿ ಕೂತೆ. ಎಲ್ಲ ಸಾಂಗವಾಗಿ ನಡೆಯಿತು. ಎಳ್ಳು, ದರ್ಭೆ, ಎಲೆ, ಅಡುಗೆ, ಯಾವುದೂ ಕಡಿಮೆಯಿರಲಿಲ್ಲ. ಹಿಂದಿನ ರಾತ್ರಿ ಹಾಲು, ಬಾಳೆಹಣ್ಣಿನಲ್ಲಿ ಕಳೆದ ನನ್ನ ಉಪವಾಸ ಸಹ!

ಊಟವಾದ ಮೇಲೆ ಸುಧಾಳನ್ನು ಕೇಳಿದೆ. "ನನಗ ಒಂದು ಮಾತು ಯಾಕ ಹೇಳ್ಲಿಲ್ಲ?"

"ನಿಮ್ಮ ಗಂಟಿ ಹೇಳಿರತೈತಿ ಅಂದ್ಕೊಂಡೆ."

"ನೆನಪಿಡಬ್ಯಾಡ ಅಂದಿದ್ದೆನಲ್ಲ?"

"ಅತ್ತಿ ತಿಥಿ ರೀ ಅದು. ನೆನಪು ಬಿಡು ಅಂದ್ರ ಬಿಡತೈತೇನು?"

ಅಂದೇ ಗಂಟೆಯನ್ನು ನಡುವಿನ ಸಾಲಿಗೆ ತಂದೆ. ಗಂಟೆ ಇಲ್ಲದಿದ್ದರೆ ಪಂಚಾಂಗ ತೆರೆದ ಕೂಡಲೇ ಹಾಗೆಂದು ತಿಳಿಸುವ ಮಾತನ್ನೂ ಸೇರಿಸಿದೆ. ಸುಧಾ ಹಿಂದೆ ನಿಂತು ನೋಡುತ್ತಿದ್ದಳು.

"ನಾ ಯಾವ ಸಾಲಿನ್ಯಾಗ ಅದೀನಿ?"

"ಬೇಕೇ ಬೇಕು," ಎಂದೆ, ಒಂದು ಕ್ಷಣವೂ ತಡಮಾಡದೆ.

"ಅಂದ್ರ ನಾ ಇಲ್ಲಂದ್ರ ನೀವು ಕೂರಂಗೇ ಇಲ್ಲ ಅನ್ರಿ."

ಮಡಿ ಬಿಚ್ಚಿ ಹಾಕಿಕೊಳ್ಳಲು ನನ್ನ ಅಂಗಿ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಗಿತ್ತು.