ಗೌರಿಯ ಮುಲಾಮು

"ಪೈಪು ಕೊಯ್ಯಂಗಿಲ್ಲ, ನೀರು ನಿಲ್ಲಿಸಂಗಿಲ್ಲ. ಹೊರಗಿಂದ ಈ ಮೀಟರಿನ ಎರಡು ಕಣ್ಣು ಪೈಪಿಗೆ ಕಟ್ಟಿದ್ರೆ ಸಾಕು, ಒಳಗೆ ಎಷ್ಟು ನೀರು ಓಡ್ತದೆ ಅಂತ ಅದೇ ಹೇಳ್ತದೆ. ನಾಳೆ ಹತ್ತು ಗಂಟೆಗೆ ದೊಡ್ಡ ಸಾಹೇಬ್ರು ಬಾಯಿ ಬಿಟ್ಕೊಂಡು ನೋಡ್ತಾರೆ, ನೋಡ್ತಿರು!" ಎಂದು ಪಾಂಡವಪುರದ ಪಂಪ್‌ಹೌಸಿನ ಇಂಜಿನಿಯರ್ ಶಿವಶಂಕರ್ ಹೆಂಡತಿ ಚಂದ್ರಕಲಳ ಮುಂದೆ ಮೀಸೆ ತಿರುವಿದ್ದ. ಇದು ತೊಂಬತ್ತಾರನೇ ಇಸವಿಯ ಮಾತು. ಅಂಥ ಮೀಟರು ಆ ಊರಿಗೆ ಬಂದದ್ದು ಅದೇ ಮೊದಲು.

ಮೀಸೆಯ ಹಿಂದೆ ಪುಕಪುಕ ಇದ್ದೇ ಇತ್ತು. ಊರಿಗೆ ನೀರು ಸಾಲುತ್ತಿಲ್ಲ ಎಂದು ದೂರು ಹೋಗಿತ್ತು. ಪಂಪು ಸರಿಯಾಗಿದೆ ಎಂದು ಮೀಟರು ತೋರಿಸದಿದ್ದರೆ ದೇವಲಾಪುರಕ್ಕೆ ವರ್ಗ ಎಂದು ಸಾಹೇಬರು ಫೋನಿನಲ್ಲೇ ಗುಡುಗಿದ್ದರು.

ಬೆಳಗ್ಗೆ ಒಂಬತ್ತಕ್ಕೆ ಪೈಪು ಉಜ್ಜಿ, ಒರೆಸಿ, ಮೀಟರಿನ ಜೆಲ್ಲು ತರಲು ಪಕ್ಕದಲ್ಲೇ ಇದ್ದ ತನ್ನ ಕ್ವಾರ್ಟರ್ಸಿಗೆ ಬಂದ. ಪೈಪಿಗೂ ಮೀಟರಿನ ಕಣ್ಣಿಗೂ ನಡುವೆ ಗಾಳಿ ಸೇರದಂತೆ ಹಚ್ಚುವ ಜೆಲ್ಲು ಅದು. ಕಿಟಕಿಯಲ್ಲಿಟ್ಟಿದ್ದ ಟ್ಯೂಬು ಹಪ್ಪಳದಂತೆ ಚಪ್ಪಟೆಯಾಗಿ ಬಿದ್ದಿತ್ತು.

"ಚಂದ್ರಾ, ಇದ್ರಲ್ಲಿದ್ದಿದ್ದು ಎಲ್ಲಿ?"

"ಗೌರಿ ಕೆಚ್ಚಲು ಬಿರುಕು ಬುಟ್ಟಿತ್ತು ಕಣ್ರೀ. ಅವಳ ಮುಲಾಮು ಸಿಗನಿಲ್ಲ, ಇದ್ನೇ ಸವರಿದೆ. ಪಾಪ, ಇವತ್ತು ಒದೀದಂಗೆ ಆಲು ಕೊಟ್ಲು."

"ಅದು ಯಂತ್ರಕ್ಕೆ ಹಚ್ಚೋದು ಕಣೇ!"

"ಯಂತ್ರಕ್ಕೆ ಎಲ್ಲಿ ಬಿರುಕು ಬುಟ್ಟಿತ್ತು?"

ಶಿವಶಂಕರ್ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಪಂಪ್‌ಹೌಸಿಗೆ ಓಡಿದ. ಕೊಬ್ಬರಿ ಎಣ್ಣೆ ಸುರಿದ. ಎಣ್ಣೆಯೆಲ್ಲ ಪೈಪಿನಿಂದ ಇಳಿದು ಅವನ ಚಪ್ಪಲಿಗೆ ಬಂತು. ರಾಗಿ ಅಂಬಲಿ ಮೆತ್ತಿದ. ನೊಣ ಬಂದವು, ಸಿಗ್ನಲ್ಲು ಬರಲಿಲ್ಲ. ಒಳಗೆ ನೀರು ಭೋರೆಂದು ಓಡುತ್ತಿದೆ, ಮೀಟರು ಮಾತ್ರ ಸೊನ್ನೆ ಹಿಡಿದು ಕೂತಿದೆ. ಹತ್ತಕ್ಕೆ ಹತ್ತೇ ನಿಮಿಷ.

ಅಷ್ಟರಲ್ಲಿ ಚಂದ್ರಕಲ ಇನ್ನೊಂದು ಟ್ಯೂಬು ಹಿಡಿದು ಬಂದಳು. "ಗೌರಿ ಮುಲಾಮು ಹುಲ್ಲಿನ ಅಟ್ಟದ ಮ್ಯಾಲಿತ್ತು ಕಣ್ರೀ. ನಿಮ್ದು ಅವಳಿಗಾಯ್ತು, ಅವಳ್ದು ನೀವು ತಗೊಳ್ಳಿ."

"ನಾನು ಇಂಜಿನಿಯರು. ದನದ ಔಷಧಿ ಮುಟ್ಟಲ್ಲ."

ಹೊರಗೆ ಜೀಪು ನಿಂತ ಸದ್ದಾಯಿತು. ಇಂಜಿನಿಯರು ದನದ ಔಷಧಿಯನ್ನು ಎರಡೂ ಕೈಯಲ್ಲಿ ಬಾಚಿ ಪೈಪಿಗೆ ಬಳಿದ, ಮೀಟರಿನ ಕಣ್ಣು ಒತ್ತಿ ಪಟ್ಟಿ ಬಿಗಿದ. ಸೊನ್ನೆ ಅಲುಗಿತು. ಹನ್ನೊಂದು, ಇಪ್ಪತ್ತಾರು... ಸೆಕೆಂಡಿಗೆ ಮೂವತ್ತೆಂಟು ಲೀಟರಿಗೆ ಬಂದು ನಿಂತಿತು.

"ಭೇಷ್!" ಎಂದರು ಸಾಹೇಬರು. "ಪಂಪಿಂದೇನೂ ತಪ್ಪಿಲ್ಲ, ನೀವು ಇಲ್ಲೇ ಇರಿ. ಕೆ.ಆರ್. ಪೇಟೇಲಿ ಇಂಥದೇ ಮೀಟರು ಕಟ್ಟಿ ಮೂರು ದಿನದಿಂದ ಒದ್ದಾಡ್ತಿದೀವಿ, ಸಿಗ್ನಲ್ಲೇ ನಿಲ್ಲಲ್ಲ. ಇದ್ಯಾವ ಜೆಲ್ಲು?"

ವರ್ಗ ತಪ್ಪಿದ ಖುಷಿಗೆ ಶಿವಶಂಕರನ ನಾಲಗೆ ಜಾರಿತು. "ಜರ್ಮನಿದು ಸಾರ್. ನಾನೇ ಪತ್ರ ಬರೆದು ತರಿಸ್ದೆ."

ಸಾಹೇಬರು ಟ್ಯೂಬು ಎತ್ತಿಕೊಂಡರು. ಅದರ ಮೇಲೆ ಎರಡು ಕೊಂಬಿನ ಹಸು ಅವರನ್ನೇ ನೋಡುತ್ತಿತ್ತು. "ಜರ್ಮನೀಲಿ ಕನ್ನಡದಲ್ಲೇ ಬರೀತಾರೇನ್ರೀ? 'ಕೆಚ್ಚಲಿಗೆ ಮಾತ್ರ' ಅಂತ?"

ಶಿವಶಂಕರನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಚಂದ್ರಕಲ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಾಯಿ, ನಾಳೆ ಜೀಪು ಕಳಿಸ್ತೀನಿ. ಕೆ.ಆರ್. ಪೇಟೆಗೆ ನೀವೇ ಬಂದು ಹಚ್ಚಿಕೊಡಿ."

"ಬತ್ತೀನಿ ಸಾ. ಆದ್ರೆ ನಾ ಬರೋಗಂಟ ಗೌರಿ ಆಲು ಕರೆಯೋರ್ಯಾರು?"

ಇಬ್ಬರೂ ಶಿವಶಂಕರನ ಕಡೆ ತಿರುಗಿದರು. ದೇವಲಾಪುರದ ವರ್ಗ ತಪ್ಪಿತ್ತು ನಿಜ. ಮರುದಿನ ಬೆಳಗ್ಗೆ ಅವನಿಗೆ ಕೊಟ್ಟಿಗೆಗೆ ವರ್ಗವಾಯಿತು, ಮುಲಾಮು ಕೆ.ಆರ್. ಪೇಟೆಗೆ ಹೋಗಿದ್ದರಿಂದ ಗೌರಿ ಎರಡು ಸಲ ಒದ್ದಳು.