ಮೀಸೆಯಿಲ್ಲದ ರೈತ

ಮಗಳನ್ನು ಶಾಲೆಗೆ ಸೇರಿಸಿದ ದಿನವೇ ನಾನೂ ಅಲ್ಲಿ ಸೇರಿಕೊಂಡಿದ್ದೇನೆ ಎಂಬುದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ನಾನು ಬಿ.ಎ. ಮುಗಿಸಿ, ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ಇನ್ನು ಈ ಜನ್ಮದಲ್ಲಿ ಪರೀಕ್ಷೆಯ ಕಾಟವಿಲ್ಲ ಎಂದು ಹಾಯಾಗಿದ್ದವಳು. ಈಗ ಜೂನ್ ಬಂತೆಂದರೆ ಎದೆ ಡವಗುಟ್ಟುತ್ತದೆ. ಶಾಲೆಯ ವಾಟ್ಸಾಪ್ ಗ್ರೂಪು ಟಿಣ್ ಎಂದರೆ ಸಾಕು, ನಾಳೆ ಹಳದಿ ದಿನ, ಮಕ್ಕಳು ಹಳದಿ ಬಟ್ಟೆ ಹಾಕಿಕೊಂಡು ಹಳದಿ ತಿಂಡಿ ತರಬೇಕು. ಅದು ಮುಗಿಯಿತೆನ್ನುವಷ್ಟರಲ್ಲಿ ಥರ್ಮಾಕೋಲಿನ ಜ್ವಾಲಾಮುಖಿ. ಅದೂ ಮುಗಿಯಿತೆಂದರೆ ಹಣ್ಣಿನ ದಿನ. ಹೋದ ವರ್ಷ ಹಣ್ಣಿನ ದಿನಕ್ಕೆ ನಮ್ಮ ಪಲ್ಲವಿ ಟೊಮ್ಯಾಟೊ ಆಗಿದ್ದಳು. ಟೊಮ್ಯಾಟೊ ಹಣ್ಣಲ್ಲ, ಕಾಯಿಪಲ್ಲೆ ಎಂದು ನಾನು ಟೀಚರ ಹತ್ತಿರ ಒಂದು ಸುತ್ತು ವಾದ ಮಾಡಿ ಸೋತೆ. ಪಲ್ಲವಿ ವೇದಿಕೆ ಹತ್ತಿದಳು, ಹೇಳಬೇಕಾದ ನಾಲ್ಕು ಸಾಲು ಮರೆತಳು, ಎಲ್ಲರೂ ನಕ್ಕರು, ಅಳುತ್ತ ಇಳಿದಳು. ಆಮೇಲೆ ಮೂರು ದಿನ ಶಾಲೆಯ ವ್ಯಾನ್ ಹತ್ತಲಿಲ್ಲ. ವೇದಿಕೆ ಎಂಬ ಮಾತು ಕೇಳಿದರೆ ಸಾಕು, ಆ ಹುಡುಗಿಗೆ ಇವತ್ತಿಗೂ ಹೊಟ್ಟೆ ನೋಯುತ್ತದೆ.

ಇಲ್ಲಿ ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಜಗಳಗಂಟಿ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೆಲೋಗಿ ಕಡೆಯ ಎರೆಹೊಲದಲ್ಲಿ ಹತ್ತು ವರ್ಷದಿಂದ ತೊಗರಿ ಬೆಳೆಯುತ್ತಿರುವ ಹೆಂಗಸಿನ ಬಾಯಿ ಮೆತ್ತಗಿರಬೇಕೆಂದರೆ ಹೇಗೆ ಸಾಧ್ಯ? ಮಾವನವರ ಮೊಣಕಾಲು ಕೈಕೊಟ್ಟ ವರ್ಷ ನಾನು ಹೊಲಕ್ಕಿಳಿದೆ, ಮತ್ತೆ ಮೇಲೆ ಬಂದಿಲ್ಲ. ನಮ್ಮ ಮನೆಯವರದು ಜೇವರ್ಗಿಯ ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಅಂಗಡಿ. ಬಹಳ ಒಳ್ಳೆಯವರು, ಒಂದು ಕೆಟ್ಟ ಚಟವಿಲ್ಲ. ತಾಲ್ಲೂಕಿನವರ ಪಹಣಿಗಳನ್ನೆಲ್ಲ ಝೆರಾಕ್ಸ್ ಮಾಡಿಕೊಡುವ ಅವರು ತಮ್ಮ ಪಹಣಿಯ ಹೊಲ ನೋಡಲು ಬರುವುದು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ದಿನ. ಬಂದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ಗಡದ್ದಾಗಿ ಉಂಡು, ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿ, “ಈ ಸಲ ಭಾಳ ಛಲೋ ಬಂದಾದ,” ಎಂದು ಸರ್ಟಿಫಿಕೇಟ್ ಕೊಟ್ಟು ಹೋಗುತ್ತಾರೆ. ಪಹಣಿ ಅವರ ಹೆಸರಿನಲ್ಲಿದೆ, ಕಸ ತೆಗೆಯುವುದು ನನ್ನ ಹೆಸರಿನಲ್ಲಿದೆ. ಅದಕ್ಕೇನೂ ನನ್ನ ತಕರಾರಿಲ್ಲ. ಗೊಬ್ಬರದಂಗಡಿಯವನು ಮಾತ್ರ ಪ್ರತಿ ಸಲ, “ಮನ್ಯಾಗ ಗಂಡಸ್ರು ಬರ್ಲಿಲ್ಲೇನ್ರಿ ಅಕ್ಕಾರ?” ಎಂದು ಕೇಳುತ್ತಾನಲ್ಲ, ಆಗ ಮೈಯೆಲ್ಲ ಉರಿಯುತ್ತದೆ.

ಈ ವರ್ಷ ದಸರೆ ರಜೆ ಮುಗಿದ ಮೇಲೆ ಶಾಲೆಯವರು ಮಕ್ಕಳನ್ನು ಹೊರಸಂಚಾರಕ್ಕೆ ಕರೆದುಕೊಂಡು ಹೋದರು. ಎಲ್ಲಿಗೆ? ಹೊಲ ತೋರಿಸಲಿಕ್ಕೆ! ಕಲಬುರಗಿ ಕಡೆ ಯಾರೋ ಒಬ್ಬರು ಮಕ್ಕಳು ನೋಡಲೆಂದೇ ಸುತ್ತಲೂ ತಂತಿ ಬಿಗಿದು, ಗೇಟು ಹಚ್ಚಿ, ಒಂದಿಷ್ಟು ಬೆಳೆ ಹಾಕಿದ್ದಾರಂತೆ. ನಮ್ಮ ಮಕ್ಕಳು ಎರಡೂ ಬದಿಗೆ ತೊಗರಿ ನಿಂತ ದಾರಿಯಲ್ಲಿ ಬಸ್ಸಿನ ಪರದೆ ಎಳೆದುಕೊಂಡು, ಅಂತ್ಯಾಕ್ಷರಿ ಆಡುತ್ತ ಅಲ್ಲಿಗೆ ಹೋದರು. ಸಂಜೆ ಪಲ್ಲವಿ ಬಂದು, “ಮಮ್ಮಿ, ಇವತ್ತ ತೊಗರಿ ಗಿಡ ತೋರಿಸಿದ್ರು. ಮುಟ್ಟಬ್ಯಾಡ್ರಿ ಅಂದ್ರು,” ಎಂದಳು. ನಾನು ಆಗಷ್ಟೇ ಹೊಲದಿಂದ ಬಂದು ತಲೆಯೊಳಗಿನ ತೊಗರಿ ಎಲೆ ಹೆಕ್ಕಿ ತೆಗೆಯುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಮ್ಮ ಹೊಲದಾಗೂ ಅವೇ ಅದಾವಲ್ಲ, ಹೇಳಬೇಕಿತ್ತಿಲ್ಲೋ?” ಎಂದೆ. “ಅವು ಬ್ಯಾರೆ ಮಮ್ಮಿ. ಅಲ್ಲಿ ಬೋರ್ಡ್ ಹಚ್ಚ್ಯಾರ,” ಎಂದಳು. ಅದೂ ಖರೆಯೇ. ನಮ್ಮ ಹೊಲದಲ್ಲಿ ಬೋರ್ಡಿಲ್ಲ.

ಆ ಸಿಟ್ಟು ಇಳಿಯುವ ಮೊದಲೇ ಗ್ರೂಪು ಮತ್ತೆ ಟಿಣ್ ಎಂದಿತು. ವೇಷಭೂಷಣ ಸ್ಪರ್ಧೆ. ವಿಷಯ: ನಮಗೆ ನೆರವಾಗುವವರು. ಯಾರು ಏನಾಗಬೇಕೆಂದು ಕ್ಲಾಸ್ ಟೀಚರೇ ಹಂಚಿಬಿಟ್ಟಿದ್ದರು. ಮೂರನೇ ತರಗತಿಯ ಪಲ್ಲವಿಗೂ ಅವಳ ಕ್ಲಾಸಿನ ಇನ್ನೊಬ್ಬ ಹುಡುಗನಿಗೂ ರೈತನ ಪಾತ್ರ. ಹೀಗಿರಬೇಕು ಎಂದು ಒಂದು ಫೋಟೋ ಬೇರೆ ಕಳಿಸಿದ್ದರು: ಬೆಳ್ಳಗಿನ ಧೋತರ, ತಲೆಗೆ ಸುತ್ತಿದ ಹಸಿರು ಪಟಗಾ, ಹೆಗಲ ಮೇಲೆ ರಟ್ಟಿನ ನೇಗಿಲು, ಮೂಗಿನ ಕೆಳಗೆ ಕಿವಿಯತನಕ ತಿರುವಿದ ಮೀಸೆ. ಬಟ್ಟೆ ಬಾಡಿಗೆಗೆ ಸಿಗುವ ಅಂಗಡಿಯ ವಿಳಾಸವೂ ಇತ್ತು.

ನಾನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಇಂಥ ರೈತನನ್ನು ನಮ್ಮೂರಿನಲ್ಲಿ ಕೊನೆಗೆ ಕಂಡದ್ದು ಯಾವಾಗ? ನಮ್ಮ ಮಾವ ಧೋತರ ಉಡುತ್ತಾರೆ, ನಿಜ. ಆದರೆ ಅವರು ಈಗ ಬೇವಿನ ಗಿಡದ ಕೆಳಗೆ ಕುಳಿತು ದೇಶದ ರಾಜಕಾರಣ ನೋಡಿಕೊಳ್ಳುತ್ತಾರೆ. ಹೊಲದಲ್ಲಿ ನಿಜವಾಗಿ ಬೆವರು ಸುರಿಸುವ ಗಂಡಸರು ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಟೀ ಶರ್ಟು, ಮಾಸಿದ ಪ್ಯಾಂಟು ಹಾಕಿರುತ್ತಾರೆ. ಇನ್ನು ಹೆಂಗಸರು? ಸೀರೆಯ ಮೇಲೆ ಗಂಡನ ಹಳೇ ಫುಲ್ ತೋಳಿನ ಅಂಗಿ, ತಲೆಗೆ ಟವೆಲ್ಲು, ಸೊಂಟಕ್ಕೆ ಸಿಕ್ಕಿಸಿದ ಮೊಬೈಲು. ನಾನು ಹತ್ತು ವರ್ಷದಿಂದ ತೊಟ್ಟಿರುವ ವೇಷ ಅದೇ.

ಟೀಚರಿಗೆ ಫೋನು ಹಚ್ಚಿದೆ. “ಮೇಡಂ, ನಮ್ಮ ಮನ್ಯಾಗ ಒಕ್ಕಲತನ ಮಾಡಾಕಿ ನಾನೇ ಇದ್ದೇನಿ. ನನಗ ಮೀಸಿ ಇಲ್ಲ,” ಎಂದೆ.

“ಅಯ್ಯ, ಅದು ಹಂಗಲ್ರಿ ಅಕ್ಕಾರ,” ಎಂದರು ಪಾಪ, ಮೆತ್ತಗೆ. “ನೋಡಿದ ಕೂಡ್ಲೇ ರೈತ ಅಂತ ಗೊತ್ತಾಗ್ಬೇಕಲ್ರಿ.”

“ನನ್ನ ನೋಡಿದ್ರ ಏನಂತ ಗೊತ್ತಾಗ್ತದ್ರಿ?”

ಅವರು “ಹಲೋ, ಹಲೋ, ಕೇಳಸವಲ್ತ್ರಿ,” ಎಂದು ಫೋನ್ ಇಟ್ಟರು. ನಮ್ಮೂರಲ್ಲಿ ನೆಟ್‌ವರ್ಕ್ ಹೋಗುವುದಕ್ಕೂ ಒಂದು ಸಮಯಪ್ರಜ್ಞೆ ಇದೆ.

ಅಷ್ಟಕ್ಕೇ ನಾನು ತೀರ್ಮಾನ ಮಾಡಿಬಿಟ್ಟೆ. ನನ್ನ ಮಗಳು ರೈತ ಆಗುವುದಾದರೆ ನನ್ನಂಥ ರೈತ ಆಗಬೇಕು, ಬಾಡಿಗೆ ರೈತ ಅಲ್ಲ. ಈ ತೀರ್ಮಾನಕ್ಕೆ ಮನೆಯಲ್ಲಿ ಮೊದಲು ವಿರೋಧ ಮಾಡಿದವಳು ವೇಷ ಹಾಕಬೇಕಾದವಳೇ. “ನಂಗ ಮೀಸಿ ಬೇಕು,” ಎಂದು ಪಲ್ಲವಿ ಕಾಲು ಬಡಿದು ಅತ್ತಳು. “ಮೀಸಿ ಇಲ್ದಿದ್ರ ಎಲ್ಲಾರೂ ನಗ್ತಾರ. ಟೊಮ್ಯಾಟೊ ಆದಾಗ ನಕ್ಕಂಗ ನಗ್ತಾರ.” ನಮ್ಮ ಮನೆಯವರೂ ಬಾಗಿಲಲ್ಲಿ ನಿಂತು, “ಒಂದು ಮೀಸಿ ಸಲುವಾಗಿ ಯಾಕ ಇಷ್ಟು ರಂಪ ಮಾಡ್ತಿ? ಕೂಸಿನ ಮಾರಿ ನೋಡರ ನೋಡು,” ಎಂದರು. ನೋಡಿದೆ. ನೋಡಿದರೂ ಸೋಲಲಿಲ್ಲ. ಮೀಸೆ ಹಚ್ಚಿದರೆ ನನ್ನ ಹತ್ತು ವರ್ಷ ಯಾರೋ ಬೇರೆಯವರ ಖಾತೆಗೆ ಹೋಗುತ್ತದೆ ಎಂಬ ಹಟ ನನ್ನದು. ಮೂರನೇ ತರಗತಿಯ ಹುಡುಗಿಯ ಭುಜದ ಮೇಲೆ ನಿಂತು ನಾನು ನನ್ನ ಜಗಳ ಆಡುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಿಡುತ್ತಿದ್ದೆನೋ ಇಲ್ಲವೋ, ಖಾತ್ರಿಯಿಲ್ಲ.

ಸ್ಪರ್ಧೆಯ ದಿನ ಪಲ್ಲವಿಗೆ ನನ್ನ ಹಳೇ ಸೀರೆಯನ್ನು ಮಡಚಿ ಮಡಚಿ ಉಡಿಸಿ, ಮೇಲೆ ಅಂಗಿ ತೊಡಿಸಿ, ತಲೆಗೆ ಟವೆಲ್ಲು ಕಟ್ಟಿ, ಕೈಗೆ ಒಂದು ತೊಗರಿ ಟೊಂಗೆ ಕೊಟ್ಟೆ. ಸೊಂಟಕ್ಕೆ ಕೆಟ್ಟು ಹೋದ ಒಂದು ಮೊಬೈಲು. ಪೊಲೀಸರು, ಡಾಕ್ಟರರು, ಸೈನಿಕರು ಎಲ್ಲ ಬಂದು ಹೋದರು. ಆ ಇನ್ನೊಬ್ಬ ಹುಡುಗ ಪಟಗಾ, ನೇಗಿಲು, ಮೀಸೆ ಸಮೇತ ಬಂದು, “ನಾನು ರೈತ, ನಾನು ದೇಶದ ಬೆನ್ನೆಲುಬು,” ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಮೀಸೆಯ ಒಂದು ತುದಿ ಕಿತ್ತು ಬಾಯೊಳಗೆ ಹೋಗಿತ್ತು, ಆದರೂ ಚೆನ್ನಾಗಿ ಹೇಳಿದ.

ಆಮೇಲೆ ನಮ್ಮ ಪಲ್ಲವಿ. “ನಾನು ರೈತ,” ಎಂದಳು. ಮುಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಯಾರೋ, “ಏ, ಇಕಿ ಕೂಲಿಯಾಕಿ!” ಎಂದು ಕೂಗಿದರು. ಪಲ್ಲವಿ ತೊಗರಿ ಟೊಂಗೆಯ ಹಿಂದೆ ಮುಖ ಮುಚ್ಚಿಕೊಂಡಳು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅಯ್ಯೋ ದೇವರೇ, ಒಂದು ಮೀಸೆ ಹಚ್ಚಿ ಕಳಿಸಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು ಎಂದು ನನಗೆ ನಾನೇ ಶಾಪ ಹಾಕಿಕೊಂಡೆ.

ಅಷ್ಟರಲ್ಲಿ ಪಲ್ಲವಿಯ ಕೈ ಸೊಂಟಕ್ಕೆ ಹೋಯಿತು. ಮೊಬೈಲು ತೆಗೆದು ಕಿವಿಗೆ ಹಿಡಿದಳು. ಟೊಂಗೆ ಹಿಡಿದ ಇನ್ನೊಂದು ಕೈ ಸೊಂಟದ ಮೇಲೆ. “ಹಲೋ! ಯಾರ್ರಿ, ತೊಗರಿ ರಾಶಿ ಮಾಡೋ ಮಷಿನ್ ದವ್ರೇನು? ನಿನ್ನಿ ಬರ್ತೇನಿ ಅಂದ್ರಿ, ಇವತ್ತ ಬರ್ತೇನಿ ಅಂದ್ರಿ. ಇಲ್ಲಿ ಮೋಡ ಆಗ್ಯಾದ. ತೊಗರಿ ತೊಯ್ದ್ರ ನಿಮ್ಮಪ್ಪ ಬಂದು ಒಣಗಸ್ತಾನೇನು? ಏನಂದ್ರಿ? ಗಂಡಸ್ರಿಗೆ ಫೋನ್ ಕೊಡ್ಬೇಕಾ? ನಮ್ಮ ಮನಿ ಗಂಡಸ್ರಿಗೆ ಏನ್ ಗೊತ್ತದರಿ? ಹೊಲಾ ಯಾವ ದಿಕ್ಕಿಗೆ ಅದ ಅಂತ ಅವ್ರಿಗೆ ಗೊತ್ತಿಲ್ಲ! ಜಲ್ದಿ ಕಳಸ್ರಿ, ಇಲ್ಲಾಂದ್ರ ನಾನೇ ಬರ್ತೇನಿ!”

ಸಭೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಈ ಸಲದ ನಗೆ ಬೇರೆ. ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ಹಳ್ಳಿಯ ತಾಯಂದಿರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪಲ್ಲವಿ ಟವೆಲ್ಲು ಸರಿಮಾಡಿಕೊಂಡು ರಾಣಿಯ ಹಾಗೆ ಇಳಿದು ಬಂದಳು. ನಮ್ಮ ಮನೆಯವರು ಕುರ್ಚಿಯ ಕೆಳಗೆ ಏನನ್ನೋ ಹುಡುಕುತ್ತಿದ್ದರು, ಬಹಳ ಹೊತ್ತು ಸಿಗಲಿಲ್ಲ. ನಾನಂತೂ ಬೆವತು ಹೋಗಿದ್ದೆ. ನಾನು ಹೀಗೆ ಕಿರುಚುತ್ತೇನೆಯೇ? ಕೇಳಿದರೆ ಮನೆಯವರು, “ಇಲ್ಲ, ನೀ ಇನ್ನೂ ಜೋರು,” ಎಂದರು.

ಬಹುಮಾನ ಮಾತ್ರ ಮೀಸೆಗೇ ಹೋಯಿತು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಮಾಸ್ತರರು ಮೈಕಿನಲ್ಲಿಯೇ, “ಆ ಹುಡುಗಿ ಮಾತು ಛಲೋ ಆಡಿದಳು, ಆದ್ರ ರೈತನ ವೇಷಾನೇ ಇದ್ದಿಲ್ಲ,” ಎಂದುಬಿಟ್ಟರು. ಪಲ್ಲವಿಗೆ ಅದೇನೂ ಅನ್ನಿಸಲಿಲ್ಲ. ಚಪ್ಪಾಳೆ ಸಿಕ್ಕಿತ್ತು, ಸಾಕು. ಬೆಂಕಿ ಬಿದ್ದದ್ದು ನನಗೆ. ಆಕೆಯ ಕೈ ಹಿಡಿದುಕೊಂಡು ನೇರವಾಗಿ ಹೆಡ್ ಮೇಡಂ ಕೋಣೆಗೆ ನುಗ್ಗಿದೆ.

“ವೇಷ ಇದ್ದಿಲ್ಲ ಅಂದ್ರೇನ್ರಿ? ಇಕಿ ಅವ್ವ ರೈತ ಇದ್ದಾಳ. ಅವ್ವನ ಅರಿಬಿ ಹಾಕ್ಕೊಂಡು ಬಂದಾಳ. ನಿಮ್ಮ ಸಾಲ್ಯಾಗ ಅದು ನಿಮಗ ಗೊತ್ತಿಲ್ಲಂದ್ರ ನಾ ಏನ್ ಹೇಳ್ಬೇಕ್ರಿ?” ಇನ್ನೂ ಬಹಳ ಹೇಳಿದೆ. ತಂತಿಯೊಳಗಿನ ತೊಗರಿಯ ವಿಷಯವನ್ನೂ ಬಿಡಲಿಲ್ಲ.

ಹೆಡ್ ಮೇಡಂ ಎಲ್ಲವನ್ನೂ ಶಾಂತವಾಗಿ ಕೇಳಿದರು. ನೀರು ಕೊಟ್ಟರು. ಆಮೇಲೆ ಕಪಾಟಿನಿಂದ ಒಂದು ಫೈಲು ತೆಗೆದು, ಪಲ್ಲವಿಯ ಪ್ರವೇಶದ ಅರ್ಜಿಯನ್ನು ನನ್ನ ಮುಂದಿಟ್ಟರು. “ನಾವು ಯಾರ ಮನ್ಯಾಗ ಯಾರೇನು ಅಂತ ಇದ್ರಾಗ ನೋಡ್ತೇವ್ರಿ,” ಎಂದರು.

ಪಲ್ಲವಿ ಮೇಜಿನ ಮೇಲೆ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ತಂದೆಯ ಉದ್ಯೋಗ, ರೈತರು. ತಾಯಿಯ ಉದ್ಯೋಗ, ಹೌಸ್ ವೈಫ್.” ಆಮೇಲೆ ನನ್ನ ಕಡೆ ತಿರುಗಿ, “ಮಮ್ಮಿ, ಇದು ನಿಂದೇ ಅಕ್ಷರ ಅದ,” ಎಂದಳು.

ನನ್ನದೇ ಅಕ್ಷರ. ದುಂಡಗೆ, ಮುತ್ತು ಪೋಣಿಸಿದ ಹಾಗೆ. ನಾನೇ ಬರೆದದ್ದು, ಯಾರೂ ಕೈ ಹಿಡಿದು ಬರೆಸಿರಲಿಲ್ಲ. ಅದನ್ನು ಬರೆದ ದಿನವೂ ನಾನು ಬೆಳಗಿನ ಜಾವಕ್ಕೆದ್ದು ತೊಗರಿ ಬಿತ್ತನೆಗೆ ಹೊಲ ಹಸನು ಮಾಡಿಸಿಯೇ ಬಂದಿದ್ದಿರಬೇಕು. ಮೇಡಂ ನಗಲಿಲ್ಲ; ನಕ್ಕಿದ್ದರೆ ಜಗಳಕ್ಕೆ ಅನುಕೂಲವಾಗುತ್ತಿತ್ತು. ನಾನು ಅವರ ಪೆನ್ನನ್ನೇ ಎತ್ತಿಕೊಂಡೆ. “ಆಫೀಸಿನ ಕಾಗದ್ರಿ ಅದು, ತಿದ್ದಂಗಿಲ್ರಿ,” ಎನ್ನುವಷ್ಟರಲ್ಲಿ ಎರಡನ್ನೂ ಹೊಡೆದು ಹಾಕಿದ್ದೆ. ತಾಯಿಯ ಮುಂದೆ ರೈತ ಎಂದು ಬರೆದೆ. ತಂದೆಯ ಮುಂದೆ ಏನು ಬರೆಯಬೇಕೆಂದು ಸ್ವಲ್ಪ ಯೋಚಿಸಿ, ಝೆರಾಕ್ಸ್ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಏನು ಬೇಕಾದರೂ ಮಾಡಿಕೊಳ್ಳಲಿ, ನೋಡಿಯೇಬಿಡೋಣ ಎಂದು ತಲೆಯೆತ್ತಿಕೊಂಡು ಹೊರಗೆ ಬಂದೆ.

ಗೇಟಿನ ಹತ್ತಿರ ಬಹುಮಾನ ಗೆದ್ದ ಹುಡುಗನ ತಾಯಿ ಸಿಕ್ಕರು. ಅಫಜಲಪುರ ಕಡೆಯವರಂತೆ, ಈಗಷ್ಟೇ ಈ ಕಡೆ ವರ್ಗವಾಗಿ ಬಂದವರು, ನಗುಮುಖದ ಹೆಂಗಸು. “ನಿಮ್ಮ ಮಗಳು ಭಾಳ ಛಲೋ ಮಾಡಿದಳ್ರಿ. ಖರೇ ಅಂದ್ರ ಆಕಿಗೇ ಕೊಡ್ಬೇಕಿತ್ತು,” ಎಂದು ಪಲ್ಲವಿಯ ಗಲ್ಲ ಸವರಿದರು. ನನಗೆ ಬಹಳ ಖುಷಿಯಾಯಿತು. ಅವರು ಹಾಗೆಯೇ ಮಾತು ಮುಂದುವರಿಸಿ, “ನೀವೇನ್ ಮಾಡ್ತೀರ್ರಿ ಅಕ್ಕಾರ?” ಎಂದು ಕೇಳಿದರು.

“ಏನಿಲ್ರಿ,” ಎಂದೆ, “ಮನ್ಯಾಗೇ ಇರ್ತೇನಿ.”

ಪಲ್ಲವಿ ನನ್ನ ಕೈ ಬಿಟ್ಟಳು. ತನ್ನ ಬ್ಯಾಗಿನ ಸಣ್ಣ ಜಿಪ್ ತೆಗೆದು, ಅವಳಪ್ಪ ನನಗೆ ಗೊತ್ತಾಗದಂತೆ ಅದರಲ್ಲಿ ಇಟ್ಟುಕೊಟ್ಟಿದ್ದ ಒಂದು ಪೊಟ್ಟಣ ಹೊರತೆಗೆದಳು. ಕರ್ರಗಿನ, ಕಿವಿಯತನಕ ತಿರುವಿದ ಅಂಟುಮೀಸೆ.

“ಮಮ್ಮಿ,” ಎಂದಳು, “ಮೀಸಿ ಅದ. ನಿನಗ ಹಚ್ಚಲೇನು?”