ಕೂತು ತಿನ್ನುವ ಐಸ್‌ಕ್ರೀಮು

ಮನುಷ್ಯನಾಗಿ ಹುಟ್ಟಿದವನು ಒಂದಲ್ಲ ಒಂದು ದಿನ ಎದ್ದು ಹೋಗಲೇಬೇಕು. ಈ ಲೋಕದ ಯಾವ ಕುರ್ಚಿಯೂ ಯಾರಿಗೂ ಶಾಶ್ವತವಲ್ಲ. ಒಬ್ಬ ಕೂತ ಬಿಸಿ ಆರುವ ಮೊದಲೇ ಇನ್ನೊಬ್ಬ ಬಂದು ಕೂರುತ್ತಾನೆ. ಹಿರಿಯರು ಈ ಸತ್ಯವನ್ನು ಸ್ಮಶಾನದಲ್ಲೋ ಹಿಮಾಲಯದಲ್ಲೋ ಕಂಡುಕೊಂಡಿರಬಹುದು. ನನಗೆ ಹೊಳೆದದ್ದು ನೆರೂಳಿನ ಒಂದು ಹೋಟೆಲಿನಲ್ಲಿ, ಪನೀರ್ ಟಿಕ್ಕಾ ಇನ್ನೂ ಅರ್ಧ ಉಳಿದಿದ್ದಾಗ.

ನಮ್ಮ ಡೊಂಬಿವಲಿಗೆ ಚಳಿಗಾಲ ಬರುವುದು ಫಾಸ್ಟ್ ಲೋಕಲ್ ರೈಲು ಬಂದಂತೆ. ಕಾದು ಕಾದು ಕುತ್ತಿಗೆ ನೋಯುತ್ತಿರುವಾಗ ಬರುತ್ತದೆ, ಹತ್ತಿದೆವೋ ಇಲ್ಲವೋ ಎನ್ನುವಷ್ಟರಲ್ಲಿ ಹೊರಟುಹೋಗುತ್ತದೆ. ಆದರೆ ಆ ನಾಲ್ಕು ದಿನದ ಮರ್ಯಾದೆಗೆ ನಾವು ಏನೂ ಕಡಿಮೆ ಮಾಡುವುದಿಲ್ಲ. ಸೊಸೈಟಿಯ ವಾಚ್‌ಮನ್ ಮಂಕಿ ಕ್ಯಾಪ್ ಹಾಕಿ ಯಾರಿಗೂ ಗುರುತು ಸಿಗದವನಾಗುತ್ತಾನೆ. ನಾನು ಎಂದೋ ಶಿಮ್ಲಾಕ್ಕೆ ಹೋದಾಗ ಕೊಂಡ ಸ್ವೆಟರನ್ನು ಕಪಾಟಿನಿಂದ ತೆಗೆದು, ನುಸಿಗುಳಿಗೆಯ ಪರಿಮಳ ಸಮೇತ ಧರಿಸಿ, ಬೇಲಾಪುರದ ಕಚೇರಿ ತಲುಪುವಷ್ಟರಲ್ಲಿ ಬೆವತು ಬಿಚ್ಚಿ ಕೈಮೇಲೆ ಹಾಕಿಕೊಂಡಿರುತ್ತೇನೆ. ಇನ್ನು ಕೂಟಗಳು. ಡಿಸೆಂಬರ್ ಬಂತೆಂದರೆ ಊರಿನ ಅಷ್ಟೂ ಸಂಘಗಳಿಗೆ ಪರಸ್ಪರ ಪ್ರೀತಿ ಉಕ್ಕುತ್ತದೆ. ಜಾತಿ ಸಂಘದ ಸ್ನೇಹಕೂಟ, ಭಜನಾ ಮಂಡಳಿಯ ಸ್ನೇಹಕೂಟ, ವರ್ಷವಿಡೀ ಪಾರ್ಕಿಂಗಿಗಾಗಿ ಜಗಳಾಡಿದ ಸೊಸೈಟಿಯವರ ಸ್ನೇಹಕೂಟ. ಕೂಟ ಮುಗಿದರೂ ಹೊಟ್ಟೆಯಲ್ಲಿ ಜಾಗ ಉಳಿದವರು ಹೋಟೆಲುಗಳ ಮುಂದೆ ಸಾಲು ನಿಲ್ಲುತ್ತಾರೆ. ಈ ಸಾಲುಗಳೇ ನನ್ನ ಕಥೆಯ ಮೂಲ.

ನನ್ನ ಹೆಂಡತಿ ಸುಜಾತ ಹೋಟೆಲಿನ ಮಗಳು. ಅಂದರೆ, ಅವಳ ಅಪ್ಪ ಉಡುಪಿ ಕಡೆಯಿಂದ ಬಂದು ಡೊಂಬಿವಲಿ ಸ್ಟೇಷನ್ ಹತ್ತಿರ ಹೋಟೆಲು ಇಟ್ಟವರು. 'ಹೋಟೆಲಿನ ಮಗಳು ಅಂದರೆ ದಿನಾ ಮಸಾಲೆ ದೋಸೆ' ಎಂದು ನಾನು ಮದುವೆಗೆ ಮೊದಲು ಹೊಟ್ಟೆಕಿಚ್ಚುಪಟ್ಟದ್ದುಂಟು. ದೋಸೆಯೇನೋ ದಿನಾ ಇತ್ತಂತೆ. ಶಾಲೆ ಬಿಟ್ಟು ಬಂದವಳು ಕೈತೊಳೆಯುವ ಬೇಸಿನ್ನಿನ ಪಕ್ಕದ ಕೊನೆಯ ಮೇಜಿನಲ್ಲಿ ಕೂರುವುದು, ದೋಸೆ ಅರ್ಧ ಆಗುವಷ್ಟರಲ್ಲಿ ಗಲ್ಲಾದಿಂದ ಅಪ್ಪನ ತುಳು ಕೇಳಿಬರುವುದು: "ಲಕ್ಕ್ ಮಗಾ, ಗಿರಾಕಿ ಬತ್ತೆರ್!" ಏಳು ಮಗಾ, ಗಿರಾಕಿ ಬಂದರು. ಉಳಿದ ಅರ್ಧ ದೋಸೆ ಅಡುಗೆಮನೆಯಲ್ಲಿ, ಅಕ್ಕಿ ಮೂಟೆಗೆ ಒರಗಿ, ನಿಂತುಕೊಂಡು. ಅಪ್ಪ ಹೋದ ಮೇಲೆ ಗಲ್ಲಾಕ್ಕೆ ಅಣ್ಣ ಸದಾನಂದ ಬಂದ. ಕುರ್ಚಿ ಬದಲಾಯಿತು, ವಾಕ್ಯ ಬದಲಾಗಲಿಲ್ಲ. ಇದರ ಪರಿಣಾಮವಾಗಿ ಸುಜಾತ ಇಂದಿಗೂ ಮದುವೆಮನೆಯ ಪಂಕ್ತಿಯಲ್ಲಿ ಬಾಗಿಲ ಕಡೆ ಒಂದು ಕಣ್ಣಿಟ್ಟೇ ಉಣ್ಣುತ್ತಾಳೆ. ಪಾಯಸ ಬರುವ ಹೊತ್ತಿಗೆ ಅವಳು ಕೈತೊಳೆದು ನಿಂತಿರುತ್ತಾಳೆ.

ಹಾಗಾಗಿ ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ ಅವಳು ಸೀರೆ ಎನ್ನಲಿಲ್ಲ, ಬಳೆ ಎನ್ನಲಿಲ್ಲ.

"ಒಂದು ಒಳ್ಳೆ ಹೋಟೆಲಿಗೆ ಕರಕೊಂಡು ಹೋಗಿ. ಸೂಪಿನಿಂದ ಐಸ್‌ಕ್ರೀಮಿನವರೆಗೆ ಕೂತೇ ತಿನ್ನಬೇಕು. ಮಧ್ಯದಲ್ಲಿ ಯಾರೂ ಏಳು ಅನ್ನಬಾರದು. ಅಷ್ಟೇ."

"ಸೂರ್ಯ ಪಡುವಣದಲ್ಲಿ ಹುಟ್ಟಿದರೂ ಸರಿಯೇ, ನಿನ್ನನ್ನು ಆ ಕುರ್ಚಿಯಿಂದ ಎಬ್ಬಿಸುವ ಗಂಡು ಇನ್ನೂ ಹುಟ್ಟಿಲ್ಲ," ಎಂದು ನಾನು ಪ್ರತಿಜ್ಞೆ ಮಾಡಿದೆ. ಆ ಗಂಡು ಅವಳಿಗಿಂತ ಮೊದಲೇ, ಅದೇ ಮನೆಯಲ್ಲಿ ಹುಟ್ಟಿದ್ದಾನೆ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

ಹೋಟೆಲಿನವರ ಮನೆಯಲ್ಲಿ ಒಂದು ಪದ್ಧತಿಯಿದೆ. ಸ್ವಂತ ಹೋಟೆಲು ಇರುವಾಗ ಇನ್ನೊಬ್ಬರ ಹೋಟೆಲಿನಲ್ಲಿ ತಿನ್ನುವುದು ಸುಮಾರಾಗಿ ಶೀಲಕ್ಕೆ ಸಂಬಂಧಿಸಿದ ವಿಷಯ. ಸದಾನಂದ ಭಾವ ಫೋನಿನಲ್ಲಿ "ಭಾನುವಾರ ಮಧ್ಯಾಹ್ನ ಎಂತ ಪ್ರೋಗ್ರಾಂ?" ಎಂದು ಕೇಳಿದಾಗ ಸುಳ್ಳು ಹೇಳಲು ಬಾರದ ಸುಜಾತ ನಿಜ ಹೇಳಿಬಿಟ್ಟಳು. ತಂಗಿ ಓಡಿಹೋದಳೆಂದು ಕೇಳಿದ್ದರೂ ಭಾವನಿಗೆ ಅಷ್ಟು ಆಘಾತ ಆಗುತ್ತಿರಲಿಲ್ಲ. ಆಮೇಲೆ ನನ್ನನ್ನು ಕರೆದರು.

"ಎಂತ ಭಾವ, ನಮ್ಮ ಹೋಟ್ಲಿಗೆ ಬೀಗ ಬಿದ್ದಿದೆ ಅಂತ ಯಾರಾದರೂ ಹೇಳಿದರಾ?"

"ಹಾಗಲ್ಲ ಭಾವ, ಸುಮ್ಮನೆ ಒಂದು ಬದಲಾವಣೆಗೆ..."

"ಆಯ್ತು ಮಾರಾಯ್ರೆ. ಹಾಗಾದರೆ ನಾನೂ ಬರ್ತೇನೆ. ಅವರು ಹೇಗೆ ನಡೆಸ್ತಾರೆ ಅಂತ ಒಮ್ಮೆ ನೋಡುವ."

ಹೀಗೆ ಸದಾನಂದ ಭಾವ ಗಲ್ಲಾದಲ್ಲಿ ಹೆಂಡತಿಯನ್ನು ಕೂರಿಸಿ, ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ನಮ್ಮ ಜೊತೆ ಹೊರಟರು. ನಾನು, ಸುಜಾತ, ಭಾವ, ಮಗಳು ಶ್ರೇಯಾ. ಶ್ರೇಯಾ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಟೆನ್ಶನ್ ಮತ್ ಲೋ. ಮೈನೇ ಟೇಬಲ್ ಬುಕ್ ಕಿಯಾ ಹೈ," ಎಂದು ಧೈರ್ಯ ಹೇಳಿದಳು.

ಮುನ್ಸೂಚನೆ ರೈಲಿನಲ್ಲೇ ಸಿಕ್ಕಿತ್ತು, ನಾನು ಗಮನಿಸಲಿಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಅಂಚು ಬಿಡುವುದು ನಮ್ಮ ಲೋಕಲ್ಲುಗಳ ಧರ್ಮ. ನಾನೂ ಭಾವನೂ ಕೂತಿದ್ದ ಸೀಟಿನಲ್ಲಿ ಆಗಲೇ ನಾಲ್ವರಿದ್ದರು. ಮುಂಬ್ರಾದ ಗುಡ್ಡ ಕಾಣಿಸುವ ಹೊತ್ತಿಗೆ ಅವರ ದೃಷ್ಟಿ ನಿಂತಿದ್ದ ಒಬ್ಬ ದಪ್ಪ ಮನುಷ್ಯನ ಮೇಲೆ ಬಿತ್ತು. "ಆವೋ, ಆವೋ, ಜಗಾ ಹೈ," ಎಂದರು. ಜಾಗ ಇರಲಿಲ್ಲ. ಠಾಣೆಯವರೆಗೆ ನಾನು ನನ್ನ ಎಡಗಾಲಿನ ಮೇಲೆ ನಾನೇ ಕೂತು ಪ್ರಯಾಣ ಮಾಡಿದೆ. "ಖಾಲಿ ಜಾಗ ಇಟ್ಟುಕೊಂಡು ಜನರನ್ನು ನಿಲ್ಲಿಸುದು ಪಾಪ ಭಾವ," ಎಂದು ಭಾವ ನನಗೆ ವೇದಾಂತ ಹೇಳಿದರು.

ನೆರೂಳಿನ ಹೋಟೆಲು ಭರ್ಜರಿಯಾಗಿತ್ತು. ಬಾಗಿಲಲ್ಲಿ ಹತ್ತಿಯ ಹಿಮ ಹೊದ್ದ ಪ್ಲಾಸ್ಟಿಕ್ ಗಿಡ, ಕೆಂಪು ಟೊಪ್ಪಿಯ ದ್ವಾರಪಾಲಕ, ಫುಟ್‌ಪಾತಿನುದ್ದಕ್ಕೆ ಕುರ್ಚಿ ಹಾಕಿಸಿಕೊಂಡು ಮತ್ತು ಕುರ್ಚಿ ಸಿಗದೆ ಕಾಯುತ್ತಿರುವ ಸಂಸಾರಗಳು. ಮೊದಲೇ ಬುಕ್ ಮಾಡಿದ್ದರಿಂದ ನಾವು ಎಲ್ಲರ ಶಾಪದ ನಡುವೆ ರಾಜಗಾಂಭೀರ್ಯದಿಂದ ಒಳಗೆ ಹೋದೆವು. ಸುಜಾತ ಮೆತ್ತನೆಯ ಕುರ್ಚಿಯಲ್ಲಿ ಕೂತು, ಬೆನ್ನು ಒರಗಿಸಿ, ಕೈಚೀಲವನ್ನು ತೊಡೆಯಿಂದ ತೆಗೆದು ನೆಲದ ಮೇಲಿಟ್ಟಳು. ಅವಳು ಕೈಚೀಲ ಕೆಳಗಿಟ್ಟದ್ದನ್ನು ನಾನು ನಮ್ಮ ಸಂಸಾರದಲ್ಲಿ ಮೊದಲ ಬಾರಿ ನೋಡಿದೆ.

ತಪ್ಪು ನಡೆದದ್ದು ಒಂದೇ ಕಡೆ. ಭಾವನನ್ನು ಬಾಗಿಲಿಗೆ ಮುಖ ಮಾಡಿ ಕೂರಿಸಿದೆವು. ಗಾಜಿನ ಬಾಗಿಲು. ಅದರಾಚೆ ಸಾಲು.

ಮೊದಮೊದಲು ಅವರು ವೃತ್ತಿಧರ್ಮ ಪಾಲಿಸಿದರು. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಹಪ್ಪಳ ಮುರಿದು ಅದರ ಶಬ್ದ ಆಲಿಸಿದರು. ಆರ್ಡರ್ ತೆಗೆದುಕೊಳ್ಳಲು ಬಂದವನನ್ನು ತುಳುವಿನಲ್ಲಿ ಊರು ಯಾವುದೆಂದು ಕೇಳಿದರು. ಅವನು "ಅಸ್ಸಾಂ, ಸರ್," ಎಂದ. ಭಾವನ ಮುಖದಲ್ಲಿ ಒಂದು ಯುಗ ಮುಗಿದ ವಿಷಾದ ಮೂಡಿತು. ಆಮೇಲೆ ಅವರು ಬಾಗಿಲ ಕಡೆ ನೋಡಿದರು. ಮತ್ತೆ ನೋಡಿದರು. ಅವರ ಕಾಲು ಮೇಜಿನಡಿ ಹೊಲಿಗೆ ಯಂತ್ರದಂತೆ ಅಲುಗತೊಡಗಿತು.

"ಜನ ನಿಂತಿದ್ದಾರೆ ಭಾವ."

"ಅದು ಅವರ ಗಿರಾಕಿ ಭಾವ, ನಿಮ್ಮದಲ್ಲ."

"ಗಿರಾಕಿಯಲ್ಲಿ ಅವರದ್ದು ನಮ್ಮದು ಅಂತ ಉಂಟಾ? ಹಸಿವೆ ಹಸಿವೆಯೇ. ಅಲ್ಲಿ ಒಂದು ಅಜ್ಜಿ ಗೋಡೆಗೆ ಒರಗಿ ನಿಂತಿದ್ದಾರೆ. ಬೇಗ ಬೇಗ ತಿನ್ನಿ."

ಪನೀರ್ ಟಿಕ್ಕಾ ಬಂದದ್ದೇ ತಡ, ಭಾವ ತಮ್ಮ ಪಾಲನ್ನು ಟಪಾಲು ಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ ಬಾಯಿಗೆ ಹಾಕಿ, ನೀರು ಕುಡಿದು, "ನನ್ನದಾಯ್ತು," ಎಂದು ಎದ್ದರು. ಕೈತೊಳೆಯಲು ಹೋದರೆಂದುಕೊಂಡೆ. ಅವರು ಹೋದದ್ದು ಬಾಗಿಲಿಗೆ. ಗಾಜಿನ ಮೂಲಕ ನೋಡಿದರೆ ಮೂಕಿ ಚಿತ್ರದಂತೆ ಎಲ್ಲ ಕಾಣುತ್ತಿತ್ತು: ಭಾವ ಅಜ್ಜಿಗೆ ಏನೋ ಹೇಳಿದರು, ಅಜ್ಜಿ ಅಜ್ಜನಿಗೆ ಹೇಳಿದರು, ಅಜ್ಜ ಕೋಲು ತೆಗೆದುಕೊಂಡರು. ಮೂವರೂ ಒಳಗೆ ಬಂದು ನಮ್ಮ ಮೇಜಿನ ಮುಂದೆ ನಿಂತರು.

"ಬಸಾ ಆಜಿ, ಬಸಾ," ಎಂದು ಭಾವ ಅಜ್ಜಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅಜ್ಜನಿಗೆ ಶ್ರೇಯಾ ಖುಷಿಯಿಂದಲೇ ಎದ್ದುಕೊಟ್ಟಳು. ಅವಳಿಗೆ ಹತ್ತಿಯ ಹಿಮದ ಮುಂದೆ ಫೋಟೊ ಬಾಕಿಯಿತ್ತು. ಅಪರಿಚಿತರನ್ನು ಒಂದೇ ಮೇಜಿಗೆ ಕೂರಿಸುವುದು ನಮ್ಮ ಉಡುಪಿ ಹೋಟೆಲುಗಳಲ್ಲಿ ತಾತನ ಕಾಲದಿಂದ ನಡೆದುಬಂದದ್ದು. ಆದರೆ ಬಟ್ಟೆಯ ನ್ಯಾಪ್‌ಕಿನ್ನನ್ನು ನವಿಲಿನಂತೆ ಮಡಚಿಟ್ಟ ಹೋಟೆಲಿನಲ್ಲಿ ಹೀಗೆ ಮಾಡಿದ ಮೊದಲಿಗರು ನನ್ನ ಭಾವನೇ ಇರಬೇಕು.

ನನಗೆ ಪ್ರತಿಜ್ಞೆ ನೆನಪಾಯಿತು. ರಕ್ತ ಕುದಿಯಿತು. ಇನ್ನು ಈ ಮನುಷ್ಯನನ್ನು ತಡೆಯದಿದ್ದರೆ ಸುಜಾತಳ ಸರದಿಯೂ ಬರುತ್ತದೆ ಎಂದು ತಿಳಿದು ನಾನು ಎದ್ದು, ಬಾಗಿಲತ್ತ ಮರಳುತ್ತಿದ್ದ ಭಾವನ ಹಿಂದೆ ಹೋಗಿ ತೋಳು ಹಿಡಿದೆ. "ಭಾವ, ದಯವಿಟ್ಟು ಬಂದು ಕೂತುಕೊಳ್ಳಿ..."

ಭಾವ ನನ್ನ ಮಾತು ಕೇಳಲಿಲ್ಲ. ಅವರು ಕೇಳಿಸಿಕೊಂಡದ್ದು ನಾನು ಎದ್ದಾಗ ಕುರ್ಚಿ ಸರಿದ ಸದ್ದು. ಜೀವಮಾನವಿಡೀ ಗಲ್ಲಾದಲ್ಲಿ ಕೂತ ಕಿವಿ ಅದು. ಬಾಗಿಲು ತೆರೆದು, ಒಬ್ಬರೇ ಬಂದವರು ಯಾರೆಂದು ಫುಟ್‌ಪಾತಿನ ಉದ್ದಕ್ಕೂ ಕೇಳುವಂತೆ ಕೂಗಿದರು:

"ಸಿಂಗಲ್ ಕೋಣ್ ಹೈ? ಏಕ್ ಸಿಂಗಲ್! ಸಿಂಗಲ್ ಆವೋ!"

ಹೆಲ್ಮೆಟ್ ಹಿಡಿದ ಒಬ್ಬ ತರುಣ ಒಳಗೆ ನುಗ್ಗಿದ. ನಾನು ತಿರುಗಿ ನೋಡುವಷ್ಟರಲ್ಲಿ ಅವನು ನನ್ನ ಕುರ್ಚಿಯಲ್ಲಿ ಕೂತು, ನನ್ನ ಪನೀರ್ ಟಿಕ್ಕಾವನ್ನು ಅತ್ಯಂತ ವಿನಯದಿಂದ ಅಜ್ಜನ ಕಡೆ ಸರಿಸಿದ್ದ. ಅಜ್ಜ ಅದನ್ನು ಅಷ್ಟೇ ವಿನಯದಿಂದ ಸ್ವೀಕರಿಸಿದ್ದರು.

ಕೋಟು ಹಾಕಿದ ಮ್ಯಾನೇಜರು ಓಡಿಬಂದ. ಭಾವನನ್ನು ಹೊರಹಾಕುತ್ತಾನೆ ಎಂದು ನನಗೆ ಸಣ್ಣ ಆಸೆ. ಆದರೆ ಅವನು ಸಾಲನ್ನು ನೋಡಿದ, ಸಾಲು ಕರಗತೊಡಗಿದ್ದನ್ನು ನೋಡಿದ, ಭಾವನನ್ನು ನೋಡಿದ. "ಸರ್, ಆಪ್ ಲೈನ್ ಮೇ ಹೈ ಕ್ಯಾ?" ಎಂದ, ಅಂದರೆ, ಇದೇ ವ್ಯಾಪಾರವೇ ಎಂದು. ಮುಂದಿನದು ಕೈಮೀರಿ ಹೋಯಿತು. ಭಾವ ಬಿಳಿ ನ್ಯಾಪ್‌ಕಿನ್ನೊಂದನ್ನು ಹೆಗಲಿಗೆ ಹಾಕಿಕೊಂಡು ಮೇಜಿನಿಂದ ಮೇಜಿಗೆ ನಡೆದರು. ಆರು ಜನರ ಮೇಜಿನಲ್ಲಿ ನಾಲ್ವರಿದ್ದ ಗುಜರಾತಿ ಕುಟುಂಬಕ್ಕೆ ವಿಜಯಪುರದ ಇಬ್ಬರು ಗುತ್ತಿಗೆದಾರರು ಸೇರಿದರು. ಪ್ರೇಮಿಗಳಿಬ್ಬರ ಮಧ್ಯೆ ಒಬ್ಬ ನಿವೃತ್ತ ಮಾಸ್ತರರು ಕೂತರು. ಮೊದಲು ಎಲ್ಲರೂ ಮುಖ ಸಿಂಡರಿಸಿದರು, ಆಮೇಲೆ ಒಬ್ಬರು "ಜರಾ ಅಚಾರ್ ಇಧರ್ ದೇನಾ," ಎಂದರು, ಇನ್ನೊಬ್ಬರು ಉಪ್ಪಿನಕಾಯಿ ಕೊಟ್ಟರು. ಅಷ್ಟೇ. ಹಾಲ್ ತುಂಬ ಗಲಗಲ ಎದ್ದಿತು. "ಏನ್ರೀಪಾ, ರೊಟ್ಟಿ ಅಂದ್ರ ಇಷ್ಟು ತೆಳ್ಳಗ ಇರ್ತದೇನ್ರಿ?" ಎಂದು ವಿಜಯಪುರದವರು ರುಮಾಲಿ ರೊಟ್ಟಿಯನ್ನು ಎತ್ತಿ ಹಿಡಿದು ಅದರ ಮೂಲಕ ದೀಪ ನೋಡುತ್ತಿದ್ದರು. ಗುಜರಾತಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಆ ವರ್ಷ ನಾನು ಹಾಜರಿದ್ದ ಯಾವ ಸ್ನೇಹಕೂಟದಲ್ಲೂ ಅಷ್ಟು ಸ್ನೇಹ ಇರಲಿಲ್ಲ.

ನಾನು ಸುಜಾತಳ ಕುರ್ಚಿಯ ಬೆನ್ನು ಹಿಡಿದು ನಿಂತೆ, ತುಂಬಿದ ಹೋಟೆಲಿನಲ್ಲಿ ಜಾಗ ಖಾಲಿಯಾಗುವುದನ್ನು ಕಾಯುವವರು ನಿಲ್ಲುವ ಹಾಗೆ. ಅವಳು ಆತುರವಿಲ್ಲದೆ ಸೂಪು ಮುಗಿಸಿದ್ದಳು, ನಾನ್ ಮುಗಿಸಿದ್ದಳು, ಅಜ್ಜಿಗೆ ತನ್ನ ಕಥೆಯನ್ನೂ ಹೇಳಿ ಮುಗಿಸಿದ್ದಳು. ಬೆಳ್ಳಿಹಬ್ಬ ಎಂದು ಕೇಳಿ ಅಜ್ಜಿ ತಮ್ಮ ಜಡೆಯ ಅಬ್ಬಲಿಗೆಯ ತುಂಡನ್ನು ಇವಳಿಗೆ ಮುಡಿಸಿದ್ದರು. ಅಷ್ಟರಲ್ಲಿ ಐಸ್‌ಕ್ರೀಮು ಬಂತು. ಕಾದ ಕಬ್ಬಿಣದ ತಟ್ಟೆಯ ಮೇಲೆ ಕೇಕು, ಕೇಕಿನ ಮೇಲೆ ಐಸ್‌ಕ್ರೀಮು, ಅದರ ಮೇಲೆ ಚಾಕೊಲೇಟು ಸುರಿದ ಕೂಡಲೇ ಚುಂಯ್ ಎಂದು ಹೊಗೆ. ಹೆಲ್ಮೆಟ್ಟಿನ ತರುಣ ವೀಡಿಯೊ ತೆಗೆದ.

ಆ ಹೊಗೆ ತಿಳಿಯಾದಾಗ ಮೇಜಿನ ಪಕ್ಕ ಭಾವ ನಿಂತಿದ್ದರು. ಅವರ ಹಿಂದೆ ಮಗುವನ್ನು ಎತ್ತಿಕೊಂಡ ಒಬ್ಬಳು ತಾಯಿ. ಭಾವನ ಕಣ್ಣು ತಂಗಿಯ ಮೇಲೆ ಬಿತ್ತು, ಕುರ್ಚಿಯ ಮೇಲೆ ಬಿತ್ತು, ತಾಯಿಯ ಮೇಲೆ ಬಿತ್ತು. ಅವರ ಬಾಯಿ ತಾನಾಗಿ ತೆರೆಯಿತು. "ಲಕ್ಕ್..." ಎಂದರು.

ಸುಜಾತ ಚಮಚ ಎತ್ತಿದವಳು ಹಾಗೆಯೇ ತಡೆದಳು. ಅವಳ ಕೈ ನೆಲದ ಮೇಲಿದ್ದ ಕೈಚೀಲದ ಕಡೆ ಇಳಿಯಿತು. ಅರೆಕ್ಷಣ ಅವಳು ಬೇಸಿನ್ ಪಕ್ಕದ ಮೇಜಿನ ಶಾಲೆಯ ಹುಡುಗಿಯಾಗಿದ್ದಳು. ಆಮೇಲೆ ಕೈ ಮೇಲೆ ಬಂತು, ಖಾಲಿ.

"ಅಣ್ಣಾ," ಎಂದಳು ಮೆತ್ತಗೆ, "ಇವತ್ತು ಗಿರಾಕಿ ನಾನು."

ಭಾವ ಹೆಗಲ ನ್ಯಾಪ್‌ಕಿನ್ ತೆಗೆದು ಅವಳ ಮುಂದಿನ ಮೇಜನ್ನು ಒರಸಿದರು, ಅವಳ ಗ್ಲಾಸಿಗೆ ನೀರು ತುಂಬಿಸಿದರು, ಮತ್ತು ಯಾವ ಗಿರಾಕಿಯನ್ನೂ ತಪ್ಪದೆ ಕೇಳುವಂತೆ ಕೇಳಿದರು: "ಮತ್ತೆಂತ ಬೇಕು?"

"ಇನ್ನೊಂದು ಐಸ್‌ಕ್ರೀಮ್," ಎಂದಳು ಸುಜಾತ.

ಮಗುವಿನ ತಾಯಿಗೆ ಹೆಲ್ಮೆಟ್ಟಿನ ತರುಣ ಎದ್ದುಕೊಟ್ಟ. ನಾನು ಆ ಕುರ್ಚಿ ನನ್ನದೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ನನ್ನ ಭುಜ ಮುಟ್ಟಿ, "ಸರ್, ಟೇಬಲ್ ಕೇ ಪಾಸ್ ಖಡಾ ನಹೀ ರೆಹನಾ, ವೇಯ್ಟಿಂಗ್ ಬಾಹರ್ ಹೈ," ಎಂದು ಬಾಗಿಲು ತೋರಿಸಿದ. ನನ್ನ ಹೆಂಡತಿಯನ್ನು ಯಾರೂ ಎಬ್ಬಿಸಲಾರರು ಎಂದು ಪ್ರತಿಜ್ಞೆ ಮಾಡಿದ್ದೆ. ನನ್ನ ಬಗ್ಗೆ ಯಾವ ಪ್ರತಿಜ್ಞೆಯೂ ಇರಲಿಲ್ಲ.

ಸುಜಾತ ಎರಡನೆಯ ಐಸ್‌ಕ್ರೀಮನ್ನೂ ಕೂತೇ ತಿಂದಳು. ನಾನು ನೆರೂಳಿನ ಸ್ಟೇಷನ್ನಿನ ಹೊರಗೆ ನಿಂತು ವಡಾಪಾವ್ ತಿಂದೆ.